ಒಳ್ಳೆಯ ಚಾಕು ನಮ್ಮೂರಲ್ಲೇ ಇದೆ!

ನಿಮ್ಮ ಅಡುಗೆಮನೆಯ ಡ್ರಾವರ್ ಒಮ್ಮೆ ಎಳೆದು ನೋಡಿ. ಎಷ್ಟು ಚಾಕುಗಳಿವೆ, ಎಣಿಸಿ. ಅವುಗಳಲ್ಲಿ ಹಣ್ಣಾದ ಟೊಮೆಟೊವನ್ನು ಹಿಚುಕದೆ ಹೆಚ್ಚಬಲ್ಲವು ಎಷ್ಟು? ಅದನ್ನೂ ಎಣಿಸಿ. ನನ್ನ ಲೆಕ್ಕ ಹೇಳುತ್ತೇನೆ, ನಗಬೇಡಿ. ಚಾಕುಗಳು ಏಳು ಇದ್ದವು. ಟೊಮೆಟೊ ಹೆಚ್ಚಬಲ್ಲದ್ದು ಒಂದೂ ಇರಲಿಲ್ಲ!

ಒಂದು, ಪಾತ್ರೆ ಕೊಂಡಾಗ ಪುಕ್ಕಟೆ ಬಂದದ್ದು. ಇನ್ನೊಂದು, ಜಾತ್ರೆಯಲ್ಲಿ ‘ಯಾವುದು ತಗೊಂಡರೂ 30 ರೂಪಾಯಿ’ ಎಂದು ಕೂಗುವವನ ಹತ್ತಿರ ತಂದದ್ದು. ಮೂರು, ಬಣ್ಣಬಣ್ಣದ ಹಿಡಿಕೆಯ ಸೆಟ್ಟು. ಆರನೆಯದು ಗರಗಸದಂತೆ ಹಲ್ಲು ಇದ್ದದ್ದು. ಏಳನೆಯದರ ಹಿಡಿಕೆಯೇ ಸಡಿಲಾಗಿ ದಾರ ಸುತ್ತಿ ಇಟ್ಟಿದ್ದೆ. ಪ್ರತಿಯೊಂದೂ ತಂದ ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಮೊಂಡಾಯಿತು. ಮೊಂಡಾದರೆ ಇನ್ನೊಂದು ತಂದರಾಯಿತು, 50 ರೂಪಾಯಿಗೆ ಸಿಗುತ್ತಲ್ಲ ಅಂದುಕೊಂಡೆ. ನಿಮ್ಮ ಮನೆಯ ಕತೆಯೂ ಇದೇ ಅಲ್ಲವೇ?

ಆ ‘ಇನ್ನೊಂದು ತಂದರಾಯಿತು’ ಎಷ್ಟು ದುಬಾರಿ ಎಂದು ಗೊತ್ತಾದದ್ದು ಕಳೆದ ವರ್ಷದ ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ. ಮರುದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸಂಭ್ರಮ. ಜಮಖಂಡಿಯ ನಮ್ಮ ಮನೆಗೆ ಮುಧೋಳದಿಂದ ನಾದಿನಿ, ಬನಹಟ್ಟಿಯಿಂದ ನನ್ನ ತವರಿನವರು ಬಂದಿದ್ದರು. ಎಲ್ಲ ಸೇರಿ ಇಪ್ಪತ್ತು ಜನ. ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲು ಚಾಕು ಹಾಕಬಾರದು ಎಂಬ ಪದ್ಧತಿ ನಮ್ಮಲ್ಲಿದೆ. ಹಾಗಾಗಿ ನಮ್ಮವರು ಅದನ್ನು ಒಡೆದುಕೊಟ್ಟು ಹೋದರು. ಹೋಳು ಮಾಡುವ ಸರದಿ ನನ್ನದು. ಸಿಪ್ಪೆ ಕಲ್ಲಿನಂತಿತ್ತು. ಚಾಕು ಇಳಿಯಲಿಲ್ಲ. ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಚಾಕು ಸಿಪ್ಪೆಯ ಮೇಲೆ ಜಾರಿ ನೇರವಾಗಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಬಂತು. ನಾಲ್ಕು ಹೊಲಿಗೆ.

ನೋವು ನನಗೆ ಅಷ್ಟು ನೆನಪಿಲ್ಲ. ನೆನಪಿರುವುದು ಆಸ್ಪತ್ರೆಯಿಂದ ಮರಳಿ ಬಂದಾಗ ಕಂಡ ದೃಶ್ಯ. ಮೊಣಕಾಲು ನೋವಿನಿಂದ ಮೂರು ವರ್ಷದಿಂದ ನೆಲಕ್ಕೆ ಕೂತಿರದ ನಮ್ಮ ಅತ್ತೆಯವರು ಅಟ್ಟದ ಮೇಲಿನ ಹಳೆಯ ಈಳಿಗೆಯನ್ನು ಇಳಿಸಿಕೊಂಡು ನೆಲದ ಮೇಲೆ ಕೂತಿದ್ದರು. ಬದನೆಕಾಯಿ, ಕುಂಬಳಕಾಯಿ, ಉಳ್ಳಾಗಡ್ಡಿ ಎಲ್ಲ ಅವರೊಬ್ಬರೇ ಹೆಚ್ಚಿ ಮುಗಿಸಿದರು. ಹಬ್ಬವೇನೋ ಸಾಂಗವಾಗಿ ಆಯಿತು. ಆದರೆ ಅತ್ತೆಯವರು ಮುಂದಿನ ನಾಲ್ಕು ದಿನ ಗೋಡೆ ಹಿಡಿಯದೆ ಏಳಲಾಗಲಿಲ್ಲ. ನನ್ನ 50 ರೂಪಾಯಿಯ ಚಾಕುವಿನ ಬೆಲೆಯನ್ನು ಅವರ ಮೊಣಕಾಲು ಕೊಟ್ಟಿತ್ತು.

ಹರಿತಕ್ಕಲ್ಲ, ಮೊಂಡಿಗೆ ಹೆದರಿ

‘ಹರಿತ ಚಾಕು ಮನೆಯಲ್ಲಿ ಬೇಡಪ್ಪಾ, ಮಕ್ಕಳಿದ್ದಾರೆ’ ಎನ್ನುವವರು ಬಹಳ. ನಾನೂ ಹಾಗೇ ಅನ್ನುತ್ತಿದ್ದೆ. ಮಕ್ಕಳ ಕೈಗೆ ಯಾವ ಚಾಕುವೂ ಸಿಗಬಾರದು ಎಂಬುದು ಸರಿಯೇ. ಆದರೆ ಹೆಚ್ಚುವವಳ ಕೈಗೆ ಮೊಂಡ ಚಾಕುವೇ ಹೆಚ್ಚು ಅಪಾಯ. ಹರಿತವಾದ ಅಲಗು ತನ್ನ ಭಾರಕ್ಕೇ ತರಕಾರಿಯೊಳಗೆ ಇಳಿಯುತ್ತದೆ. ಮೊಂಡಾದದ್ದಕ್ಕೆ ನಾವು ಬಲ ಹಾಕಬೇಕು. ಬಲ ಹಾಕಿದಾಗ ಜಾರಿದರೆ ಆ ಬಲವೆಲ್ಲ ಬೆರಳಿನ ಮೇಲೆ ಬೀಳುತ್ತದೆ.

ಇನ್ನೂ ಒಂದು ಮಾತು. ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣೀರು ಧಾರೆಧಾರೆಯಾಗಿ ಬರುತ್ತಿದೆಯೇ? ತಪ್ಪು ಪೂರ್ತಿ ಉಳ್ಳಾಗಡ್ಡಿಯದಲ್ಲ. ಮೊಂಡ ಚಾಕು ಅದನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಜಜ್ಜಿದಷ್ಟೂ ಕಣ್ಣು ಉರಿಸುವ ರಸ ಹೆಚ್ಚು ಹಾರುತ್ತದೆ. ಕೊತ್ತಂಬರಿ ಹೆಚ್ಚಿದ ಅರ್ಧ ಗಂಟೆಗೆ ಕಪ್ಪಾಗುವುದಕ್ಕೂ ಈ ಜಜ್ಜುವಿಕೆಯೇ ಒಂದು ಕಾರಣ.

ನೀರಲ್ಲಿ ಮುಳುಗದ ಈಳಿಗೆ

ಹೊಲಿಗೆ ಬಿಚ್ಚಿದ ದಿನ ನಮ್ಮವರು ಮೊಬೈಲಿನಲ್ಲಿ ವಿದೇಶಿ ಚಾಕುಗಳನ್ನು ತೋರಿಸಿದರು. ಜರ್ಮನಿಯ ಜೋಲಿಂಗೆನ್ ಊರಿನದ್ದು, ಜಪಾನಿನ ಸೆಕಿ ಊರಿನದ್ದು. ಒಂದೊಂದಕ್ಕೂ ಸಾವಿರಗಳ ಲೆಕ್ಕ. ನಮ್ಮ ಮನೆಯ ತಿಂಗಳ ಕಾಯಿಪಲ್ಲೆಯ ಖರ್ಚೂ ಅಷ್ಟಾಗುವುದಿಲ್ಲ. ‘ಬ್ಯಾಡ ಬಿಡ್ರಿ’ ಅಂದೆ. ಪಕ್ಕದಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದ ಅತ್ತೆಯವರು ಅಂದರು:

“ಚಾಕೂ ಸಲುವಾಗಿ ಹೊರದೇಶಕ್ಕ ಯಾಕ ಹೊಂಟೀರಿ? ನನ್ನ ಈಳಿಗಿ ನೋಡು. ಲಗ್ನದಾಗ ನಮ್ಮ ಅವ್ವ ಕೊಟ್ಟದ್ದು. ನಮ್ಮೂರ ಕಂಬಾರ ಬಡದದ್ದು. ಐವತ್ತು ವರ್ಸ ಆತು, ಇನ್ನೂ ಬಾಯಿ ಹೋಗಿಲ್ಲ. ಊರು ನೀರಾಗ ಹೋತು, ಈಳಿಗಿ ಉಳೀತು.”

ಅತ್ತೆಯವರ ತವರು ಬೀಳಗಿ ತಾಲ್ಲೂಕಿನ ಹಳ್ಳಿ. ಕೃಷ್ಣೆಗೆ ಆಲಮಟ್ಟಿಯಲ್ಲಿ ಆಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಆ ಕಂಬಾರ ಸಾಲೆ ಇಲ್ಲ, ಆ ಓಣಿ ಇಲ್ಲ. ಆದರೆ ಅಲ್ಲಿ ಬಡಿದ ಕಬ್ಬಿಣ ಈಗಲೂ ಕುಂಬಳಕಾಯಿ ಸೀಳುತ್ತದೆ!

ಹಿಂದೆ ಕಂಬಾರರಿಗೆ ವರ್ಷಕ್ಕೊಮ್ಮೆ ರಾಶಿಯ ಹೊತ್ತಿಗೆ ಜೋಳದ ರೂಪದಲ್ಲಿ ‘ಆಯ’ ಕೊಡುತ್ತಿದ್ದರು. ಅದಕ್ಕೆ ಬದಲಾಗಿ ಅವರು ವರ್ಷವಿಡೀ ಕುಡಗೋಲು, ಕುರ್ಪಿ, ಈಳಿಗೆ ಮಾಡಿ, ತಟ್ಟಿ, ಮಸೆದು ಕೊಡುತ್ತಿದ್ದರು. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಅವರ ಹೆಸರಿನಲ್ಲೇ ಆ ಕಸುಬು ಇದೆಯಲ್ಲ!

ಕಸುಬಿನ ಹಿರಿಮೆಯೂ ಸಣ್ಣದಲ್ಲ. ದಕ್ಷಿಣ ಭಾರತದ ಉಕ್ಕು ಒಂದು ಕಾಲಕ್ಕೆ ಜಗತ್ತಿನಲ್ಲೇ ಹೆಸರುವಾಸಿ. ಮುಂಬಯಿಯಿಂದ ಲಂಡನ್ನಿಗೆ ಹೋದ ಉಕ್ಕಿನ ಗಟ್ಟಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ 1795ರಲ್ಲಿ ಲೇಖನ ಬರೆದ. ಅದರಲ್ಲಿ ಆ ಉಕ್ಕನ್ನು ‘ವೂಟ್ಜ್’ ಎಂದು ಕರೆದ. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಹುಟ್ಟಿದ್ದು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಇಂಥ ನಾಡಿನ ನಾವು ಟೊಮೆಟೊ ಹೆಚ್ಚಲು ಪರದಾಡುತ್ತೇವೆ ಅಂದರೆ!

ಕಂಬಾರ ಸಾಲೆಯಲ್ಲಿ ಒಂದು ಮುಂಜಾನೆ

ಮಾರ್ಚ್ ತಿಂಗಳಲ್ಲಿ ಅತ್ತೆಯವರನ್ನೂ ಆಟೋದಲ್ಲಿ ಕೂರಿಸಿಕೊಂಡು ಊರಂಚಿನ ಕಂಬಾರ ಸಾಲೆಗೆ ಹೋದೆ. ಅಜ್ಜ ಒಬ್ಬರು, ಜೊತೆಗೆ ಮೊಮ್ಮಗ. ಚರ್ಮದ ತಿದಿಯ ಜಾಗದಲ್ಲಿ ಈಗ ಕರೆಂಟಿನ ಗಾಳಿಯಂತ್ರ. ಉಳಿದದ್ದೆಲ್ಲ ಹಳೆಯದೇ: ಅಡಿಗಲ್ಲು, ಇಕ್ಕಳ, ಸುತ್ತಿಗೆ, ಜಾಲಿ ಇದ್ದಲಿ.

“ಬರ್ರಿ ಅಕ್ಕಾರ, ಕುರ್ಪಿ ಬೇಕೇನ್ರಿ?” ಅಂದರು ಅಜ್ಜ.

“ಅಡಗಿ ಮನಿಗಿ ಚಾಕು ಮಾಡಿ ಕೊಡ್ತೀರೇನ್ರಿ ಅಜ್ಜಾರ?” ಅಂದೆ.

ಅಜ್ಜ ಸುತ್ತಿಗೆ ಕೆಳಗಿಟ್ಟು ನಕ್ಕರು. “ಹೆಣ್ಮಕ್ಕಳು ಇಲ್ಲಿಗಿ ಬಂದು ಚಾಕು ಕೇಳಿ ಭಾಳ ವರ್ಸ ಆತ್ರಿ. ಎಲ್ಲಾರೂ ಪ್ಲಾಸ್ಟಿಕ್ ಹಿಡಕೀದು ತರ್ತಾರು. ನಮಗ ಈಗ ಕಬ್ಬು ಕಡಿಯೂ ಕೊಯ್ತಾ, ಕೊಡ್ಲಿ, ಕುರ್ಪಿ, ಅಷ್ಟ ಕೆಲಸ.”

ಅವರು ತೆಗೆದುಕೊಂಡದ್ದು ಹಳೆಯ ಲಾರಿಯ ಕಮಾನು ಪಟ್ಟಿಯ ತುಂಡು. ಗುಜರಿಯಲ್ಲಿ ಸಿಗುವ ಈ ಪಟ್ಟಿಯೇ ಒಳ್ಳೆಯ ಚಾಕುವಿನ ಗುಟ್ಟು. ಕಬ್ಬಿಣದಲ್ಲಿ ಇಂಗಾಲ ಸ್ವಲ್ಪ ಹೆಚ್ಚಿದ್ದರೆ ಮಾತ್ರ ಅದು ಕಾಯಿಸಿ ಅದ್ದಿದಾಗ ಗಟ್ಟಿಯಾಗುತ್ತದೆ. ಕಮಾನು ಪಟ್ಟಿಯಲ್ಲಿ ಇಂಗಾಲ ಶೇ 0.5ರಿಂದ 0.6ರಷ್ಟು ಇರುತ್ತದೆ. ಕಿಟಕಿಯ ಸರಳು, ಗೇಟಿನ ಪಟ್ಟಿಯಂಥ ಸಾದಾ ಕಬ್ಬಿಣದಲ್ಲಿ ಸಾಮಾನ್ಯವಾಗಿ ಶೇ 0.25ಕ್ಕಿಂತ ಕಡಿಮೆ. ಅದರಲ್ಲಿ ಮಾಡಿದ ಚಾಕು ಎಷ್ಟು ಮಸೆದರೂ ಎರಡೇ ದಿನಕ್ಕೆ ಮೊಂಡು.

ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ತೆಳ್ಳಗೆ ಮಾಡಿ, ಆಕಾರ ಕೊಟ್ಟರು. ಮತ್ತೊಮ್ಮೆ ಕೆಂಡದಂತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಚುಂಯ್ ಎಂದು ಹೊಗೆ! ನಾನು ಮುಗಿಯಿತು ಅಂದುಕೊಂಡೆ. ಅಜ್ಜ ತಲೆಯಾಡಿಸಿದರು: “ಈಗ ಇದು ಗಾಜು ಇದ್ದಾಂಗ್ರಿ. ಕೈಯಿಂದ ಬಿದ್ರ ಮುರೀತೈತಿ. ಹದಕ್ಕ ತರಬೇಕು.” ಅಲಗನ್ನು ಒರೆಸಿ, ಉಜ್ಜಿ ಹೊಳಪು ಬರಿಸಿ, ಬೆಂಕಿಯಿಂದ ಸ್ವಲ್ಪ ದೂರದಲ್ಲಿ ನಿಧಾನಕ್ಕೆ ಬಿಸಿ ಮಾಡಿದರು. ಹೊಳಪಿನ ಮೇಲೆ ಒಣ ಹುಲ್ಲಿನ ಹಳದಿ ಬಣ್ಣ ಹರಡಿದ ಕೂಡಲೇ ತೆಗೆದುಬಿಟ್ಟರು. ಸಾಲೆಯಲ್ಲಿ ಯಾಕಿಷ್ಟು ಕತ್ತಲೆ ಎಂದು ಕೇಳಿದ್ದಕ್ಕೆ, ಬಿಸಿಲಲ್ಲಿ ಕಾಯ್ದ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ ಎಂದರು. ನಾವು ಹೋಳಿಗೆಯ ಹೂರಣದ ಹದವನ್ನು ಕಣ್ಣಲ್ಲೇ ನೋಡಿ ಹೇಳುತ್ತೇವಲ್ಲ, ಹಾಗೆಯೇ ಇದು ಕೂಡ.

ಜಾಲಿ ಕಟ್ಟಿಗೆಯ ಹಿಡಿಕೆ ಹಾಕಿಸಿ, ಆರು ಇಂಚಿನ ಅಲಗಿನ ಚಾಕುವಿಗೆ ನಾನು ಕೊಟ್ಟದ್ದು 200 ರೂಪಾಯಿ. ಹಣ್ಣು ಹೆಚ್ಚುವ, ಸಿಪ್ಪೆ ತೆಗೆಯುವ ಸಣ್ಣದಕ್ಕೆ 120.

ಮೊದಲ ಚಾಕು ಸರಿಬರಲಿಲ್ಲ!

ಇದನ್ನೂ ಹೇಳಲೇಬೇಕು. ಮನೆಗೆ ತಂದು ಬಟಾಟೆ ಹೆಚ್ಚಲು ಹೋದರೆ ಹೋಳು ಆಗುವ ಬದಲು ಟಪ್ಪೆಂದು ಸೀಳಿತು. ಚಾಕು ಹರಿತವಾಗಿಯೇ ಇತ್ತು, ಆದರೆ ದಪ್ಪ ಇತ್ತು. ಅಜ್ಜನ ಕೈ ಕೊಯ್ತಾ, ಕೊಡಲಿಗೆ ಪಳಗಿದ್ದು. ಕಬ್ಬು ಕಡಿಯಲು ದಪ್ಪ ಬೇಕು, ಬದನೆಕಾಯಿಗೆ ಬೇಡ. ಮತ್ತೆ ಒಯ್ದು ಹೇಳಿದೆ. ಅವರು ಬೇಸರಪಡದೆ ಸಾಣೆಗೆ ಹಿಡಿದು ಎರಡೂ ಬದಿ ತೆಳ್ಳಗೆ ಮಾಡಿಕೊಟ್ಟರು. ತಪ್ಪು ನನ್ನದೇ. ಏನು ಬೇಕು ಎಂದು ಸರಿಯಾಗಿ ಹೇಳಿರಲಿಲ್ಲ. ನೀವು ಮಾಡಿಸುವಾಗ ಹೀಗೆ ಮಾಡಿ:

* ರಟ್ಟಿನಲ್ಲಿ ಚಾಕುವಿನ ಆಕಾರ ಕತ್ತರಿಸಿಕೊಂಡು ಹೋಗಿ. ಹಿಡಿಕೆ ನಿಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಉದ್ದ ಇರಲಿ. ಅಲಗು ಐದರಿಂದ ಆರು ಇಂಚು ಸಾಕು.

* ಬೆನ್ನು 2 ಮಿಲಿಮೀಟರ್ ಮೀರದಿರಲಿ, ಬಾಯಿಯ ಕಡೆಗೆ ತೆಳ್ಳಗಾಗುತ್ತ ಬರಲಿ ಎಂದು ಹೇಳಿ.

* ಹಿಡಿಕೆಯ ಕೆಳಗೆ ಅಲಗು ಸ್ವಲ್ಪ ಅಗಲ ಇರಲಿ. ಇಲ್ಲದಿದ್ದರೆ ಹೆಚ್ಚುವಾಗ ಗೆಣ್ಣು ಮಣೆಗೆ ತಾಗುತ್ತದೆ.

* ‘ಕಮಾನು ಪಟ್ಟೀದ ಮಾಡ್ರಿ’ ಎಂದು ಬಾಯಿಬಿಟ್ಟು ಕೇಳಿ. ಸಿದ್ಧವಾದ ಮೇಲೆ ಬಾಯಿಯ ಮೇಲೆ ಅರ ಹಾಕಿ ತೋರಿಸಲು ಹೇಳಿ. ಚೆನ್ನಾಗಿ ಹದಗೊಂಡ ಉಕ್ಕಿನ ಮೇಲೆ ಅರ ಜಾರುತ್ತದೆ. ಮೆತ್ತಗಿದ್ದರೆ ಸುಲಭವಾಗಿ ಕಚ್ಚುತ್ತದೆ.

* ಕಬ್ಬಿನ ಹಂಗಾಮಿನಲ್ಲಿ, ಮುಂಗಾರಿನ ಮುಂಚಿನ ಗಡಿಬಿಡಿಯಲ್ಲಿ ಹೋಗಬೇಡಿ. ರೈತರ ಕೆಲಸವೇ ಅವರಿಗೆ ರಾಶಿ ಬಿದ್ದಿರುತ್ತದೆ. ಕಬ್ಬು ಮುಗಿದು ಬೇಸಿಗೆ ಶುರುವಾಗುವ ಹೊತ್ತು ಒಳ್ಳೆಯದು.

ನಿಮ್ಮೂರಲ್ಲಿ ಕಂಬಾರ ಸಾಲೆ ಮುಚ್ಚಿದ್ದರೆ? ಮುಧೋಳದ ನನ್ನ ನಾದಿನಿ ಚಾಕು ತೆಗೆದುಕೊಂಡದ್ದು ರಸ್ತೆಬದಿಯಲ್ಲಿ ಟೆಂಟ್ ಹಾಕಿದ್ದ ಲೋಹಾರ ಕುಟುಂಬದಿಂದ. ಉತ್ತರದ ರಾಜ್ಯಗಳಿಂದ ಬರುವ ಇವರಲ್ಲಿ ಹೆಂಗಸರೇ ದೊಡ್ಡ ಸುತ್ತಿಗೆ ಎತ್ತಿ ಬಡಿಯುವುದನ್ನು ನೀವೂ ನೋಡಿರಬಹುದು. ಕೆಲಸ ಗಟ್ಟಿ, ಬೆಲೆ ಕಡಿಮೆ. ಆದರೆ ಇಂದು ಇಲ್ಲಿದ್ದವರು ಮುಂದಿನ ವಾರ ಇನ್ನೊಂದು ಊರಿನಲ್ಲಿ. ದಪ್ಪ ಹೆಚ್ಚಿದ್ದರೆ ಅಲ್ಲೇ ನಿಂತು ಸರಿಮಾಡಿಸಿಕೊಳ್ಳಿ.

ಅಂಗಡಿಯಲ್ಲಿ ಕೊಳ್ಳುವುದಾದರೆ

ಎಲ್ಲರಿಗೂ ಕಂಬಾರ ಸಾಲೆಗೆ ಹೋಗಲು ಆಗದು, ಒಪ್ಪುತ್ತೇನೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಚಾಕುವೇ ಬೇಕು ಎನ್ನುವವರೂ ಇದ್ದಾರೆ. ಪಾತ್ರೆ ಅಂಗಡಿಗೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತ ಒಯ್ಯಿರಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯಾದರೂ ಸರಿ. ತಟ್ಟೆ, ಡಬ್ಬಿ ಮಾಡುವ ಒಳ್ಳೆಯ ಸ್ಟೀಲಿನಲ್ಲಿ ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. ಅದು ಪಾತ್ರೆಗೆ ಉತ್ತಮ, ಆದರೆ ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಅದಕ್ಕೆ ಅಯಸ್ಕಾಂತ ಅಂಟುವುದೂ ಇಲ್ಲ. ಚಾಕುವಿಗೆ ಬೇಕಾದ ಸ್ಟೇನ್‌ಲೆಸ್ ಬೇರೆ ಜಾತಿಯದು, ಅದಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಅಂಟದ ಅಲಗನ್ನು ಮರಳಿ ಅಲ್ಲೇ ಇಟ್ಟುಬಿಡಿ. ಅಂಟಿದ್ದೆಲ್ಲ ಉತ್ತಮ ಅಂತಲ್ಲ, ಸಾದಾ ಕಬ್ಬಿಣಕ್ಕೂ ಅಂಟುತ್ತದೆ. ಹಾಗಾಗಿ ಇದು ಕೆಟ್ಟದ್ದನ್ನು ಬಿಡಲು ಇರುವ ಪರೀಕ್ಷೆ.

ಇನ್ನು ಹೆಸರು. ಗೋದ್ರೆಜ್, ಕ್ರಿಸ್ಟಲ್, ಅಂಜಲಿ ಮುಂತಾದ ನಮ್ಮ ದೇಶದ ಕಂಪನಿಗಳ ಚಾಕುಗಳು ಊರೂರಿನ ಪಾತ್ರೆ ಅಂಗಡಿಗೆ ಬರುತ್ತವೆ. ಹೆಸರು ನೋಡಿ ಮೋಹಗೊಳ್ಳಬೇಡಿ, ಪೊಟ್ಟಣ ತಿರುಗಿಸಿ ಓದಿ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರಲೇಬೇಕು. ಹೊರಗಿನಿಂದ ಬಂದ ಮಾಲಾದರೆ ಆಮದು ಮಾಡಿಕೊಂಡವರ ಹೆಸರು, ಯಾವ ದೇಶದ್ದು ಎಂಬುದೂ ಇರಬೇಕು. ಹಿಡಿಕೆಯ ಮೇಲೆ ಯಾವುದೋ ದೇಶದ ಹೆಸರಿದ್ದ ಮಾತ್ರಕ್ಕೆ ಅದು ಅಲ್ಲಿಯದು ಎಂದಲ್ಲ.

ಹಿಡಿಕೆಯನ್ನು ಹಿಡಿದು ಅಲ್ಲಾಡಿಸಿ. ಅಲಗಿನ ಬಾಲ ಹಿಡಿಕೆಯ ಕೊನೆಯವರೆಗೆ ಹೋಗಿ ಎರಡು ಮೂರು ಕಡೆ ಮೊಳೆ ಬಡಿದಿದ್ದರೆ ಅದು ಬಾಳಿಕೆ ಬರುವ ಚಾಕು. ಪ್ಲಾಸ್ಟಿಕ್ಕಿನೊಳಗೆ ಅರ್ಧ ಇಂಚು ಸಿಕ್ಕಿಸಿದ್ದು ಒಂದು ದಿನ ಕೈಯಲ್ಲೇ ಕಳಚುತ್ತದೆ. ಗರಗಸದ ಹಲ್ಲಿನ ಚಾಕು ಬ್ರೆಡ್ಡಿಗೆ, ಟೊಮೆಟೊಗೆ ಸರಿ. ಆದರೆ ಹಲ್ಲು ಸವೆದರೆ ಮನೆಯಲ್ಲಿ ಮಸೆಯುವುದು ಕಷ್ಟ. ಮೊದಲ ಚಾಕು ಯಾವಾಗಲೂ ಸಾದಾ ಬಾಯಿಯದೇ ಇರಲಿ.

ಹೊರ ಊರಿಗೆ ಹೋದಾಗಲೂ ಕಣ್ಣು ತೆರೆದಿಡಿ. ಗುಜರಾತಿನ ಕಛ್ ಕಡೆ ಪ್ರವಾಸ ಹೋದರೆ ಭುಜ್ ಹತ್ತಿರದ ರೇಹಾ ಊರಿನ ಕೈಕೆಲಸದ ಚಾಕು, ಅಡಕತ್ತರಿ ನೋಡಿ ಬನ್ನಿ. ಉತ್ತರ ಪ್ರದೇಶದ ಮೀರತ್‌ನ ಕತ್ತರಿಗಳಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹರಿತದ ಕಸುಬು ನಮ್ಮ ದೇಶದಲ್ಲಿ ಸತ್ತಿಲ್ಲ, ಕೇಳುವವರು ಬೇಕು ಅಷ್ಟೇ.

ಸಾಣೆ ನಮ್ಮ ಕೈಯಲ್ಲೇ

ಎಷ್ಟು ಒಳ್ಳೆಯ ಚಾಕು ತಂದರೂ ಮಸೆಯದಿದ್ದರೆ ಅದೂ ಎಂಟನೆಯ ಮೊಂಡ ಚಾಕು ಆಗುತ್ತದೆ. ಇದನ್ನು ನನಗೆ ಕಲಿಸಿದವಳು ಬನಹಟ್ಟಿಯ ನನ್ನ ಅವ್ವ. ರಬಕವಿ-ಬನಹಟ್ಟಿಯ ನೇಕಾರರ ಮನೆ ನಿಮಗೆ ಗೊತ್ತಲ್ಲ. ಮಗ್ಗದ ಸದ್ದಿನ ನಡುವೆ ಹೆಂಗಸರು ಕಂಡಿಕೆ ಸುತ್ತುತ್ತಲೇ ಅಡುಗೆ ಮುಗಿಸಬೇಕು. ಪಲ್ಯಕ್ಕೆ ಸಿಗುವುದು ಹತ್ತು ನಿಮಿಷ. “ಮೊಂಡ ಚಾಕು ಹಿಡಕೊಂಡು ಕುಂತರ ಕಂಡಕಿ ಯಾರು ಸುತ್ತತಾರ?” ಎನ್ನುತ್ತಾಳೆ ಅವ್ವ. ಅವಳು ದಿನಾ ಬೆಳಿಗ್ಗೆ ಚೀನಿ ಮಣ್ಣಿನ ಬಸಿಯನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿಗೆ ಚಾಕುವನ್ನು ನಾಲ್ಕು ಸಲ ಎಳೆದು ಅಡುಗೆ ಶುರುಮಾಡುತ್ತಾಳೆ. ಚಹಾದ ಕಪ್ಪಿನ ತಳವೂ ಆದೀತು. ಹೊಳಪಿಲ್ಲದ ಒರಟು ಉಂಗುರ ಇರುತ್ತದಲ್ಲ, ಅದೇ ಪುಟ್ಟ ಸಾಣೆಕಲ್ಲು!

ತಿಂಗಳಿಗೊಮ್ಮೆ ಸರಿಯಾಗಿ ಮಸೆಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ಕಾರ್ಬೊರಂಡಮ್ ಕಲ್ಲು ಕೇಳಿ. ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು. ನಮ್ಮ ದೇಶದಲ್ಲೇ ತಯಾರಾದದ್ದು ಸಿಗುತ್ತದೆ. ನನಗೆ 140 ರೂಪಾಯಿ ಬಿತ್ತು. ವಿಧಾನ ಹೀಗೆ:

1. ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಜರುಗದಂತೆ ಇಡಿ.

2. ಚಾಕುವನ್ನು ನೆಟ್ಟಗೆ ನಿಲ್ಲಿಸಿ. ಅದರ ಅರ್ಧಕ್ಕೆ ವಾಲಿಸಿ, ಮತ್ತೆ ಅದರ ಅರ್ಧಕ್ಕೆ ವಾಲಿಸಿ. ಅಂದಾಜು 20 ಡಿಗ್ರಿ ಬಂತು. ಅದೇ ಓರೆ ಕೊನೆಯವರೆಗೂ ಇರಲಿ.

3. ಹಿಡಿಕೆಯ ಕಡೆಯಿಂದ ತುದಿಯವರೆಗೆ ಪೂರ್ತಿ ಅಲಗು ಕಲ್ಲಿಗೆ ತಾಗುವಂತೆ ಎಳೆಯಿರಿ. ಒರಟು ಬದಿಯಲ್ಲಿ ಒಂದೊಂದು ಮಗ್ಗುಲಿಗೆ 15 ಸಲ, ನುಣುಪು ಬದಿಯಲ್ಲಿ 15 ಸಲ. ಅವಸರ ಬೇಡ, ಬಲವೂ ಬೇಡ.

4. ತೊಳೆದು, ಒರೆಸಿ, ಟೊಮೆಟೊ ಮೇಲೆ ಇಡಿ. ಒತ್ತದೆ ಎಳೆದರೇ ಸಿಪ್ಪೆ ಬಿಡಬೇಕು. ಬಿಡದಿದ್ದರೆ ನುಣುಪು ಬದಿಗೆ ಇನ್ನೊಮ್ಮೆ.

ಮಸೆಯಲು ಧೈರ್ಯ ಬಾರದವರು ಸೈಕಲ್ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಓಣಿಗೆ ಬರುವವರಿಗೆ ಕೊಡಬಹುದು. ಆದರೆ ಚಕ್ರಕ್ಕೆ ಹಿಡಿದಾಗ ಅಲಗು ವಿಪರೀತ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು ಎಂದೇ ಅರ್ಥ. ನಡುನಡುವೆ ನೀರಲ್ಲಿ ಅದ್ದಲು ಹೇಳಿ.

ಕಪ್ಪಾದರೆ ಗಾಬರಿ ಬೇಡ

ಕಂಬಾರರ ಚಾಕು ಸ್ಟೇನ್‌ಲೆಸ್ ಅಲ್ಲ. ಉಳ್ಳಾಗಡ್ಡಿ, ಲಿಂಬೆ, ಮಾವಿನಕಾಯಿ ತಾಗಿದರೆ ಕೆಲವೇ ದಿನಗಳಲ್ಲಿ ಬೂದು ಕಪ್ಪಾಗುತ್ತದೆ. ನಮ್ಮ ಕಬ್ಬಿಣದ ಹಂಚು ಕಪ್ಪಾದಂತೆ ಇದು ಕೂಡ, ಹೆದರಬೇಕಿಲ್ಲ. ಕೆಂಪು ತುಕ್ಕು ಬಂದರೆ ಮಾತ್ರ ಲಿಂಬೆ ಹೋಳಿಗೆ ಉಪ್ಪು ಹಚ್ಚಿ ತಿಕ್ಕಿ, ತಕ್ಷಣ ತೊಳೆದು ಒರೆಸಿ. ಹುಳಿ ಹಣ್ಣುಗಳಿಗೆ ಒಂದು ಸಣ್ಣ ಸ್ಟೇನ್‌ಲೆಸ್ ಚಾಕು ಬೇರೆ ಇಟ್ಟುಕೊಂಡರೆ ಉತ್ತಮ.

ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ಅಲಗಿಗೆ ಎಣ್ಣೆ ಸವರಿ ಇಡಿ. ನಮ್ಮ ಕಡೆ ಕೈಗೆ ಸಿಗುವುದು ಕುಸುಬಿ ಎಣ್ಣೆ. ಅದನ್ನು ಹಚ್ಚಬೇಡಿ, ಅದು ಒಣಗಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಎರಡು ಹನಿ ಸಾಕು.

ಇನ್ನೊಂದು ತಪ್ಪು ನಾವೆಲ್ಲ ಮಾಡುತ್ತೇವೆ. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಾಟಿನಲ್ಲೇ ಇಟ್ಟು ಹೆಚ್ಚುತ್ತೇವೆ. ಹೊಸ ಚಾಕುವನ್ನು ಒಂದೇ ವಾರದಲ್ಲಿ ಕೆಡಿಸಲು ಇಷ್ಟು ಸಾಕು. ಕಟ್ಟಿಗೆಯ ಮಣೆಯೇ ಒಳ್ಳೆಯದು.

ಲೆಕ್ಕ ಹಾಕೋಣವೇ?

ನನ್ನ ಏಳು ಚಾಕುಗಳಿಗೆ ಹೋದದ್ದು ಹೆಚ್ಚುಕಡಿಮೆ 350 ರೂಪಾಯಿ. ಹೊಲಿಗೆ, ಔಷಧಿ, ಚುಚ್ಚುಮದ್ದಿನ ಖರ್ಚು ಅದರ ಮೂರು ಪಟ್ಟು. ಅತ್ತೆಯವರ ಮೊಣಕಾಲಿನದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಈಗಿನ ಎರಡು ಚಾಕು, ಒಂದು ಕಲ್ಲು ಸೇರಿ 460 ರೂಪಾಯಿ. ಸರಿಯಾಗಿ ನೋಡಿಕೊಂಡರೆ ನನ್ನ ಮಗಳ ಅಡುಗೆಮನೆಗೂ ಹೋಗಬಹುದು.

ಈ 460ರಲ್ಲಿ 320 ರೂಪಾಯಿ ನಮ್ಮೂರಿನ ಒಂದು ಮನೆಯ ಒಲೆ ಹೊತ್ತಿಸಿತು ಎಂಬುದೂ ಸಣ್ಣ ಮಾತಲ್ಲ. ನಿಮಗೆ ಗೊತ್ತಿರುವ ಕಂಬಾರರಿದ್ದರೆ ಒಂದು ಮಾತು ತಿಳಿಸಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ಆಯ್ಕೆಯಾದವರಿಗೆ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ ಸಾಲದ ಅವಕಾಶವಿದೆ. ಆದರೆ ಸಾಲ, ಉಪಕರಣಕ್ಕಿಂತ ಅವರಿಗೆ ಬೇಕಾದದ್ದು ಗಿರಾಕಿ. “ನಾಕು ಮಂದಿ ಹೆಣ್ಮಕ್ಕಳು ತಿಂಗಳಾ ಬಂದ್ರ ನಮ್ಮ ಹುಡುಗ ಈ ಕೆಲಸ ಬಿಡೂದಿಲ್ರಿ” ಅಂದಿದ್ದರು ಅಜ್ಜ. ಆ ನಾಲ್ಕರಲ್ಲಿ ನಾವಿರಬಾರದೇಕೆ?

ನೆನಪಿಡಿ

* ಚಾಕುವನ್ನು ಮುಸುರೆ ಪಾತ್ರೆಗಳ ನಡುವೆ, ನೊರೆ ನೀರಿನಲ್ಲಿ ಬಿಡಬೇಡಿ. ಹೆಚ್ಚಿದ ಕೂಡಲೇ ತೊಳೆದು ಒರೆಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

* ಕೈಯಿಂದ ಜಾರಿದ ಚಾಕುವನ್ನು ಹಿಡಿಯಲು ಹೋಗಬೇಡಿ. ಹಿಂದೆ ಸರಿದು ಬೀಳಲು ಬಿಡಿ.

* ಒಬ್ಬರಿಂದ ಒಬ್ಬರಿಗೆ ಕೊಡುವಾಗ ಕೆಳಗಿಟ್ಟು ಕೊಡಿ. ಹಿರಿಯರು ಹೇಳುತ್ತಿದ್ದುದು ಸುಮ್ಮನಲ್ಲ.

* ಹೆಚ್ಚುವಾಗ ಎಡಗೈ ಬೆರಳುಗಳ ತುದಿ ಒಳಕ್ಕೆ ಮಡಚಿರಲಿ.

* ಬೆರಳು ಕೊಯ್ದರೆ ಅರಿಶಿನ, ಕಾಫಿ ಪುಡಿ ಮೆತ್ತಬೇಡಿ. ನೀರಲ್ಲಿ ತೊಳೆದು ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಗಾಯ ಆಳವಿದ್ದರೆ, ರಕ್ತ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದೂ ಕೇಳಿ.

* ಹಳೆಯ ಈಳಿಗೆಯನ್ನು ಗುಜರಿಗೆ ಹಾಕಬೇಡಿ. ಮೊಣಕಾಲು ಗಟ್ಟಿ ಇರುವವರಿಗೆ ಅದರಂಥ ಸಾಧನ ಇಲ್ಲ. ಎರಡೂ ಕೈಯಲ್ಲಿ ತರಕಾರಿ ಹಿಡಿಯಬಹುದು. ಸಡಿಲಾದ ಅಲಗನ್ನು ಕಂಬಾರರು ಮತ್ತೆ ಕೂರಿಸಿಕೊಡುತ್ತಾರೆ.

ನಾಗರ ಪಂಚಮಿಯ ದಿನ ಎಷ್ಟೋ ಮನೆಗಳಲ್ಲಿ ಚಾಕು, ಈಳಿಗೆ ಮುಟ್ಟುವುದಿಲ್ಲ. ಮಹಾನವಮಿಯ ಖಂಡೆ ಪೂಜೆಯ ದಿನ ಅವಕ್ಕೇ ಕುಂಕುಮ ಹಚ್ಚಿ ಪೂಜಿಸುತ್ತೇವೆ. ಈ ಸಲ ನಮ್ಮ ಮನೆಯ ಪೂಜೆಯಲ್ಲಿ ಅತ್ತೆಯವರ ಈಳಿಗೆಯ ಪಕ್ಕದಲ್ಲಿ ನನ್ನ ಎರಡು ಹೊಸ ಚಾಕುಗಳೂ ಕೂತಿದ್ದವು. ಮರುದಿನ ಬನ್ನಿ ಕೊಟ್ಟು ಬಂದವರಿಗೆಲ್ಲ ಊಟ. ಅತ್ತೆಯವರು ಟೇಬಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಮಣೆಯ ಮೇಲೆ ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚುತ್ತಿದ್ದರು. ಒಂದು ಹನಿ ಕಣ್ಣೀರಿಲ್ಲ.

“ಹೆಂಗೈತ್ರಿ ಅತ್ತಿ?” ಅಂದೆ.

“ನನ್ನ ಈಳಿಗಿಯಷ್ಟು ಇಲ್ಲ” ಅಂದರು. ಚಾಕುವನ್ನು ಮಾತ್ರ ಕೆಳಗಿಡಲಿಲ್ಲ!